ಇಮಾಮಸಾಬ ಊದದೆ ಬಿಟ್ಟ ಪಾಲು

ಇಳಕಲ್ಲಿನ ಇಮಾಮಸಾಬ ನಡೆಯುವಾಗ ಅವನ ಬಲಗೈ ಸದಾ ದೇಹಕ್ಕಿಂತ ಒಂದು ಗೇಣು ಮುಂದಿರುತ್ತದೆ. ಮದುವೆಯ ಬ್ಯಾಂಡಿನಲ್ಲಿ ಟ್ರಾಂಬೋನಿನ ಜಾರುವ ಕೊಳವೆಯನ್ನು ಹಿಂದೆಮುಂದೆ ಎಳೆದೆಳೆದು ಆ ತೋಳು ತನ್ನದೇ ಒಂದು ಲಯವನ್ನು ರೂಢಿಸಿಕೊಂಡುಬಿಟ್ಟಿದೆ. ಚೈತ್ರದ ಬಿಸಿಲಿನಲ್ಲೂ ಬ್ಯಾಂಡಿನ ಕೆಂಪು ಕೋಟಿನ ಒಂದು ಗುಂಡಿಯನ್ನೂ ಬಿಚ್ಚದ, ಯಾರು ಹೊಗಳಿದರೂ "ಅದರಾಗ ಅರ್ಧಾ ಹುಲ್ಲಪ್ಪಂದ್ರಿ" ಎನ್ನುವ ಈ ಮನುಷ್ಯನ ವಾದನ ಕೇಳಿದವರು ಅವನನ್ನು ಸುಲಭವಾಗಿ ಮರೆಯಲಾರರು.

ಹುಲ್ಲಪ್ಪ ಅದೇ ಬ್ಯಾಂಡಿನ ಎರಡನೆಯ ಟ್ರಾಂಬೋನ್ ವಾದಕ. ಇಮಾಮಸಾಬನ ಮಗಳು ಖುಶನುಮಾ ಒಮ್ಮೆ ಮೊಬೈಲಿನಲ್ಲಿ ಹಳೆಯ ಜಾಝ್ ಆಲ್ಬಮ್ ಒಂದನ್ನು ಹಚ್ಚಿದಳು: ಎರಡು ಟ್ರಾಂಬೋನುಗಳು, ಒಂದರ ಮಾತು ಮುಗಿಯುವ ಮೊದಲೇ ಇನ್ನೊಂದು ಅದನ್ನು ಎತ್ತಿಕೊಳ್ಳುವ ಆಪ್ತ ಸಂವಾದ. ಗೆಳೆಯರಿಬ್ಬರೂ ಮರುಳಾದರು. ಮೇಲಿನ ಸ್ವರ ಇಮಾಮಸಾಬನದು, ಕೆಳಗಿನದು ಹುಲ್ಲಪ್ಪನದು ಎಂದು ಹಂಚಿಕೊಂಡು ಮದುವೆಯ ಮೆರವಣಿಗೆಗಳಲ್ಲಿ ಅದನ್ನೇ ಊದತೊಡಗಿದರು.

ಆಮೇಲೆ ಹುಲ್ಲಪ್ಪ ಕುಳಗೇರಿ ಕ್ರಾಸಿನಲ್ಲಿ ಬೈಕಿನಿಂದ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡ. ಕಟ್ಟಿಸಿದ ಹಲ್ಲಿನ ಮೇಲೆ ತುಟಿ ನಿಲ್ಲಲಿಲ್ಲ. ವಾದ್ಯ ಅಟ್ಟ ಸೇರಿತು. ಇಮಾಮಸಾಬ ಪ್ರತಿ ಶುಕ್ರವಾರ ಹುಲ್ಲಪ್ಪನ ಊರಾದ ಹುನಗುಂದಕ್ಕೆ ಹೋಗಿ, ಅವನ ಅಂಗಳದಲ್ಲಿ ತನ್ನ ಪಾಲನ್ನಷ್ಟೇ ಊದಿ, ಗೆಳೆಯನ ಪಾಲು ಬಂದಾಗ ಸುಮ್ಮನೆ ನಿಲ್ಲುತ್ತಿದ್ದ.

"ಲೇ, ನನ್ನ ಅಣಕಸಾಕ ಬರ್ತಿಯೇನು?" ಎಂದು ಹುಲ್ಲಪ್ಪ ಒದರಿದ.

"ನಿನ್ನ ಪಾಲು ನಾ ಊದೂದಿಲ್ಲ. ಖಾಲಿನ ಇರಲಿ," ಎಂದ ಇಮಾಮಸಾಬ.

ಆ ಖಾಲಿಯನ್ನು ಸಹಿಸಲಾರದೆ ಹುಲ್ಲಪ್ಪ ಕೊನೆಗೊಂದು ದಿನ ಅಟ್ಟ ಹತ್ತಿ ವಾದ್ಯ ಇಳಿಸಿ, ಮತ್ತೆ ಊದಿ ನೋಡತೊಡಗಿದ.

ಕೂಡಲಸಂಗಮದ ಮದುವೆಯೊಂದಕ್ಕೆ ಇಬ್ಬರೂ ಕೂಡಿ ಹೋದರು. "ಊದೂದು ನಡುವ ನಿಂತ್ರ ಇಬ್ಬರಿಗೂ ಕಾಯಂ ರಜಾ," ಎಂದು ಬ್ಯಾಂಡಿನ ಯಜಮಾನ ಮುದಕಪ್ಪ ಮೊದಲೇ ಎಚ್ಚರಿಸಿದ್ದ. ಅಂಜಿದ್ದೇ ಆಯಿತು: ತುಂಬಿದ ಬೀದಿಯಲ್ಲಿ ಹುಲ್ಲಪ್ಪನ ಸ್ವರ ಒಡೆದು ನಿಂತಿತು. ಅವನ ಪಾಲು ಎತ್ತಿಕೋ ಎಂದು ಮುದಕಪ್ಪ ಇಮಾಮಸಾಬನತ್ತ ಕಣ್ಣು ಕೆಕ್ಕರಿಸಿದ. ಇಮಾಮಸಾಬ ವಾದ್ಯವನ್ನು ತುಟಿಯಿಂದ ಇಳಿಸಿ, ಗೆಳೆಯನತ್ತ ತಿರುಗಿ, ಕಾದ. ಬೀಗರು ಪಿಸುಗುಟ್ಟಿದರು. ಹುಲ್ಲಪ್ಪ ತುಟಿ ಒರೆಸಿಕೊಂಡು, ಬಿಟ್ಟಲ್ಲಿಂದಲೇ ಹಿಡಿದು, ಗೊಗ್ಗರಾದರೂ ಅಲುಗದ ಸ್ವರದಲ್ಲಿ ತನ್ನ ಪಾಲನ್ನು ದಡ ಮುಟ್ಟಿಸಿದ. ಮುದಕಪ್ಪ ಅವನನ್ನೇ ಒಂದು ಗಳಿಗೆ ನೋಡಿ, "ನಡೀರಿ ಮುಂದ" ಎಂದಷ್ಟೇ ಅಂದ.

"ನೀ ಎತ್ಕೋಬೇಕಿತ್ತಲೇ, ಮಾನಾ ಹೋಗತಿತ್ತು," ಎಂದು ಊಟದ ಪಂಕ್ತಿಯಲ್ಲಿ ಹುಲ್ಲಪ್ಪ ಗದರಿದ.

"ಎತ್ಕೊಂಡಿದ್ರ ನೀ ಮತ್ತ ಊದ್ತಿದ್ದಿಲ್ಲ."

ಎಡವಿದವನ ಕೆಲಸವನ್ನು ತಾವೇ ಮಾಡಿ ಮುಗಿಸುವ ದಯಾವಂತರು ಲೋಕದಲ್ಲಿ ಕಡಿಮೆಯಿಲ್ಲ. ಆದರೆ ನಾಲ್ಕು ಜನರೆದುರು ತಮ್ಮ ಮರ್ಯಾದೆಯನ್ನೂ ಪಣಕ್ಕಿಟ್ಟು, ಅವನೇ ಏಳುತ್ತಾನೆಂದು ನಂಬಿ ನಿಲ್ಲುವವರು ವಿರಳ. ಅಂಥವರ ಸ್ನೇಹ ಮೃದುವಲ್ಲ, ಅದರ ನಂಬಿಕೆಯನ್ನು ಉಳಿಸಿಕೊಳ್ಳಲು ಮನುಷ್ಯ ತನ್ನ ಕಾಲ ಮೇಲೆ ತಾನು ಎದ್ದು ನಿಲ್ಲಲೇಬೇಕಾಗುತ್ತದೆ.