ದೊಡ್ಡಮ್ಮ ಬರುವವರೆಗೆ

"ಜಡೆ ಆಯ್ತು, ಮುಂದಕ್ಕೆ ತಳ್ಳು!" ಎಂದವಳೇ ಗುಂಡಿ ಹೊಲಿಯುವವಳು ನಾಲಿಗೆ ಕಚ್ಚಿಕೊಂಡಳು. ಮುಂದಿದ್ದದ್ದು ಅಂಗಿಯಲ್ಲ, ಹೆಣ.

ಸತ್ತವಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿದೇ ಆಯುಸ್ಸು ಸವೆಸಿದವಳು. ಕೈ ಅಷ್ಟು ಚುರುಕಾಗಿದ್ದುದರಿಂದ ಎಲ್ಲರಿಗೂ ಮಿಂಚಕ್ಕ. ಅವಳ ಜೊತೆ ಒಂದೇ ಲೈನಿನಲ್ಲಿ ಹೊಲಿಯುತ್ತಿದ್ದ ಹೆಂಗಸರು ಬೆಳಗ್ಗೆಯೇ ಬಂದು, ಅಳುತ್ತಲೇ, ಅಭ್ಯಾಸಬಲದಿಂದ ಸಾಲಾಗಿ ಕೂತುಬಿಟ್ಟಿದ್ದರು. ಒಬ್ಬಳು ಮೈ ಒರೆಸಿದಳು, ಪಕ್ಕದವಳು ಬಟ್ಟೆ ತೊಡಿಸಿದಳು, ಮತ್ತೊಬ್ಬಳು ಜಡೆ ಹೆಣೆದಳು. ಸಾವಿನ ಮನೆಯಲ್ಲಿ ಅರ್ಧ ದಿನ ಹಿಡಿಯುವ ಕೆಲಸ ಲೋಟದ ಟೀ ಆರುವುದರೊಳಗೆ ಮುಗಿದಿತ್ತು.

ಎಡವಟ್ಟಾದದ್ದೇ ಅಲ್ಲಿ. ಎಲ್ಲ ಸಿದ್ಧ ಎಂದು ಮಗಳು ಹೆಣ ಒಯ್ಯುವ ವ್ಯಾನಿಗೆ ಫೋನ್ ಮಾಡಿಬಿಟ್ಟಳು. ವ್ಯಾನೂ ಬಂದು ಬಾಗಿಲಲ್ಲಿ ನಿಂತಿತು. ಅಮ್ಮನ ಅಕ್ಕ ಇನ್ನೂ ದಾರಿಯಲ್ಲೇ ಇದ್ದಳು.

"ಎಲ್ಲಿದ್ದೀಯ ದೊಡ್ಡಮ್ಮ?" ಎಂದು ಮಗಳು ಫೋನಿನಲ್ಲಿ ಕೇಳಿದಳು.

"ಸೇತುವೆ ಹತ್ರ ಕಣೇ. ಬಸ್ಸು ಮುಂದಕ್ಕೇ ಹೋಗ್ತಿಲ್ಲ. ನಾನು ಬರೋವರೆಗೂ ಎತ್ತಬೇಡಿ, ಕೈ ಮುಗೀತೀನಿ. ನನಗಿದ್ದೋಳು ಅವಳೊಬ್ಬಳೇ."

ವ್ಯಾನಿನ ಡ್ರೈವರ್ ಕಿಟಕಿಯಿಂದ ಕತ್ತು ಚಾಚಿದ. "ಮೇಡಂ, ಇನ್ನೊಂದು ಮನೇಲೂ ಕಾಯ್ತಿದ್ದಾರೆ. ಈಗ ಹೊರಡದಿದ್ರೆ ಸಂಜೇನೇ."

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರ್ ಫೋನು. ಮಗಳು ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್. "ಪಾಪ, ಆಗಬಾರದಿತ್ತು. ಆದ್ರೆ ಮಧ್ಯಾಹ್ನ ಮಾಲಿನ ಲಾರಿ ಹೊರಡ್ಲೇಬೇಕು. ನೀವು ಬರ್ತೀರ ತಾನೆ? ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ."

"ಬರ್ತೀನಿ ಸಾರ್," ಎಂದಳು. ಅತ್ತ ದರಿ, ಇತ್ತ ಪುಲಿ.

*

ಕೆಲಸ ಬಿಟ್ಟ ಮೇಲೆ ಮಿಂಚಕ್ಕ ಏಕಾಏಕಿ ನಿಧಾನವಾಗಿದ್ದಳು. ಬಟಾಣಿ ಸುಲಿಯಲು ಕೂತರೆ ಇಡೀ ಬೆಳಗು ಅದೇ. ಕಿಟಕಿಯಾಚೆ ಬೆಕ್ಕೊಂದು ಹೋದರೆ ಅದು ಮರೆಯಾಗುವತನಕ ಕೈ ನಿಲ್ಲುತ್ತಿತ್ತು. "ಮಿಂಚಿಗೇ ಕರೆಂಟ್ ಹೋಯ್ತಲ್ಲಪ್ಪ!" ಎಂದು ನೆರೆಯವರು ನಗುತ್ತಿದ್ದರು. ಮಗಳಿಗೆ ಮಾತ್ರ ಗಾಬರಿ. ತಲೆಗೇನೋ ಆಗಿದೆಯೆಂದು ಡಾಕ್ಟರ ಬಳಿಗೂ ಎಳೆದೊಯ್ದಳು.

"ಏನೂ ಆಗಿಲ್ಲ ಕಣೇ," ಎಂದಿದ್ದಳು ಅಮ್ಮ, ವಾಪಸು ಬರುವಾಗ. "ನೀನು ಕೂಸಾಗಿದ್ದಾಗ ಹೇಗಿದ್ದೆ ಅನ್ನೋದೇ ನನಗೆ ನೆನಪಿಲ್ಲ. ಹಾಲು ಕುಡಿಸ್ತಾನೂ ಕಿವಿ ಕಾರ್ಖಾನೆ ಬಸ್ಸಿನ ಕಡೆಗೇ. ಇನ್ಮೇಲೆ ಏನು ಮಾಡಿದ್ರೂ ನೋಡ್ಕೊಂಡು ಮಾಡ್ತೀನಿ. ನೀನೂ ಒಂದಿನ ಬಂದು ಸುಮ್ನೆ ಕೂರೇ."

"ಈ ಲೋಡ್ ಹೋಗ್ಲಿ ಅಮ್ಮ, ಬರ್ತೀನಿ."

ಒಂದು ಲೋಡ್ ಹೋದರೆ ಇನ್ನೊಂದು ಬರುತ್ತಿತ್ತು.

*

"ಎತ್ತಿ," ಎಂದಳು ಮಗಳು. "ದೊಡ್ಡಮ್ಮನಿಗೆ ನಾನು ಹೇಳ್ಕೋತೀನಿ."

ನಾಲ್ವರು ಎತ್ತಿದರು. ಹೊಸ್ತಿಲ ಬಳಿ ಬೆಳಕು ಅಮ್ಮನ ಮುಖದ ಮೇಲೆ ಬಿತ್ತು. ಬೆಳಗ್ಗೆಯಿಂದ ತಾನು ಈ ಮುಖವನ್ನು ಒಮ್ಮೆಯೂ ನೋಡಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ವ್ಯಾನು, ಫೋನು, ಹೂವು, ಕುರ್ಚಿ ಎಲ್ಲ ನೋಡಿದ್ದಳು.

"ಇಳಿಸಿ."

"ಏನು?"

"ಕೆಳಗಿಳಿಸಿ ಅಂದೆ. ದೊಡ್ಡಮ್ಮ ಬರ್ಲಿ."

ಡ್ರೈವರ್ ಗೊಣಗುತ್ತ ವ್ಯಾನ್ ತಿರುಗಿಸಿಕೊಂಡು ಹೊರಟೇಹೋದ. ಅವಳು ಮ್ಯಾನೇಜರ್‌ಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲ ಎಂದಳು. ಅತ್ತಲಿಂದ ಫೋನ್ ಕಟ್ಟಾಯಿತು. ಕೆಲಸ ಹೋಯಿತೋ ಉಳಿಯಿತೋ ತಿಳಿಯಲಿಲ್ಲ.

ಮಾಡಲು ಏನೂ ಉಳಿದಿರಲಿಲ್ಲ. ಲೈನಿನ ಹೆಂಗಸರು ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಮಡಿಲಲ್ಲಿಟ್ಟುಕೊಂಡು ಕೂತರು. "ಹೀಗೆ ಕೂತು ಎಷ್ಟು ವರ್ಷ ಆಯ್ತೇ," ಎಂದಳು ಗುಂಡಿ ಹೊಲಿಯುವವಳು.

ಮಗಳು ಅಮ್ಮನ ಪಕ್ಕ ಕೂತು ನೋಡತೊಡಗಿದಳು. ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು. ಗದ್ದದ ಕೆಳಗೆ, ಕತ್ತು ಬಾಗಿಸಿ ಹೊಲಿಯುವಾಗ ಯಾರಿಗೂ ಕಾಣದ ಜಾಗದಲ್ಲಿ, ಅಡ್ಡಕ್ಕೊಂದು ಹಳೆಯ ಗಾಯದ ಗೆರೆ. ಇಷ್ಟು ವರ್ಷದಲ್ಲಿ ಅದನ್ನವಳು ಕಂಡೇ ಇರಲಿಲ್ಲ.

ದೊಡ್ಡಮ್ಮ ಬಂದಾಗ ಬಿಸಿಲು ಅಂಗಳ ದಾಟಿತ್ತು. ಮಂಡಿ ಹಿಡಿದುಕೊಂಡು, ಗೋಡೆ ಸವರುತ್ತ, ತಂಗಿಯ ಹತ್ತಿರ ಬಂದು ಕೂತಳು. ಬಹಳ ಹೊತ್ತು ಅತ್ತಳು. ಅವಳನ್ನು ಯಾರೂ ಅವಸರಪಡಿಸಲಿಲ್ಲ.

ಅಳು ನಿಂತ ಮೇಲೆ ಮಗಳು ಆ ಗೆರೆಯನ್ನು ಮುಟ್ಟಿ ತೋರಿಸಿದಳು. "ಇದೇನು ದೊಡ್ಡಮ್ಮ?"

"ಅದಾ? ಚಿಕ್ಕೋರಿದ್ದಾಗ ಒಂದೇ ಜೋಕಾಲಿ, ಇಬ್ಬರೂ ಒಟ್ಟಿಗೆ ಬಿದ್ವಿ. ನನಗೂ ಇದೆ ನೋಡು," ಎಂದು ದೊಡ್ಡಮ್ಮ ಸುಕ್ಕುಗಟ್ಟಿದ ತನ್ನ ಗದ್ದವನ್ನು ಬೆಳಕಿನ ಕಡೆಗೆ ಮೆಲ್ಲಗೆ ಮೇಲಕ್ಕೆತ್ತಿದಳು. ಮಗಳು ಬಗ್ಗಿ ನೋಡಿದಳು.