ಒಂದಳತೆ ದೊಡ್ಡ ಬಳೆಗಳು

ಆಷಾಢದ ಮೋಡಗಳು ಮಾನ್ವಿಯ ಬಂಡೆಗುಡ್ಡಗಳ ನೆತ್ತಿಯನ್ನು ಸವರಿಕೊಂಡು, ಹನಿಯೊಂದನ್ನೂ ಉದುರಿಸದೆ, ಕೃಷ್ಣೆಯ ಕಡೆಗೆ ಮಂದಗತಿಯಲ್ಲಿ ಸಾಗುತ್ತಿದ್ದವು. ನಡುನಡುವೆ ಇಣುಕಿದ ಎಳೆಬಿಸಿಲು ಕಾಲುವೆಯ ನೀರಿನಲ್ಲಿ ಮಿಂದು, ಕಿರುಬೀದಿಯ ಬಳೆಯಂಗಡಿಯ ಗಾಜಿನ ಸಾಲುಗಳ ಮೇಲೆ ಬಿದ್ದು, ಹಸಿರು, ಕೆಂಪು, ನೀಲವರ್ಣಗಳಾಗಿ ಗೋಡೆಯ ತುಂಬ ಚೆಲ್ಲಿತ್ತು. ಎಂಬತ್ತಮೂರನೇ ಇಸವಿಯ ರಂಜಾನ್ ಹಬ್ಬದ ಪ್ರಾತಃಕಾಲ ಅದು... ಅಷ್ಟು ಬಣ್ಣಗಳ ನಡುವೆ ಕುಳಿತಿದ್ದ ಬಳೆಗಾರ ಬುರ್ಹಾನುದ್ದೀನನ ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ.

ಇಪ್ಪತ್ತು ವರ್ಷ ಬಳೆ ತೊಡಿಸಿದವನು ಆತ. ಹೆಂಗಸರ ಮುಖ ನೋಡದೆ, ಬೆರಳಗಂಟುಗಳನ್ನು ಒಮ್ಮೆ ಮೃದುವಾಗಿ ಒತ್ತಿ ಅಳತೆ ಹೇಳುತ್ತಿದ್ದ. ಹೆಂಡತಿ ಲತೀಫಾಳನ್ನೂ ಆತ ಮೊದಲು ಅರಿತದ್ದು ಹಾಗೆಯೇ. ನಿಕಾಹಕ್ಕೆ ಮುನ್ನ ಮದುಮಗನೇ ಬಳೆ ತೊಡಿಸುವುದು ಆ ಮನೆತನದ ವಾಡಿಕೆ; ಪರದೆಯಾಚೆಯಿಂದ ಚಾಚಿದ ಒಂದು ಕೈ, ಮದರಂಗಿ ಹಚ್ಚಿದ ಐದು ಬೆರಳು! ಅಂದಿನಿಂದ ಪ್ರತಿ ಹಬ್ಬದ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ಆಕೆಗೆ ಡಜನ್ ಬಳೆ ತೊಡಿಸುವುದು ಅವರಿಬ್ಬರ ಗುಟ್ಟಿನ ಸಂಭ್ರಮವಾಗಿತ್ತು.

ಆದರೆ ಹೋದ ವರ್ಷ ದೇವದುರ್ಗದ ಸಂತೆಯಲ್ಲಿ ಕಾಲಿನ ಚಪ್ಪಲಿ ಜಾರಿಹೋದದ್ದು ಆತನಿಗೆ ತಿಳಿಯಲೇ ಇಲ್ಲ. ಆಮೇಲೆ ಬೆರಳತುದಿಗಳು ಜೋಮು ಹಿಡಿದವು. ಒಂದು ದಿನ ಹಳೆಯ ಗಿರಾಕಿ ಮಹಾಂತಮ್ಮನಿಗೆ ತೊಡಿಸುವಾಗ ಬಳೆ ಒಡೆಯಿತು. ರಕ್ತ ಕಂಡು ಗಾಬರಿಯಾಗಿ ಆಕೆಯ ಕೈ ಒರೆಸತೊಡಗಿದ.

"ನಂದಲ್ಲ ಸಾಬ, ನಿನ್ನ ಬೆರಳು ಕೊಯ್ದದ ನೋಡು" ಎಂದಳು ಆಕೆ.

ರಾಯಚೂರಿನ ಡಾಕ್ಟರು ಈರಯ್ಯ ಆತನ ಕಣ್ಣು ಮುಚ್ಚಿಸಿ ಸೂಜಿ ಚುಚ್ಚಿದರು. ಎಲ್ಲಿ ಚುಚ್ಚಿದ್ದೆಂದು ಹೇಳಲು ಆತನಿಗಾಗಲಿಲ್ಲ.

"ಬಹಳ ವರ್ಷದ ಸಕ್ಕರಿ ಬ್ಯಾನಿ ನರ ತಿಂದದ. ಮಿದುಳಿನ ಅಪ್ಪಣೆ ಕೈಗೆ ಹೋಗ್ತದ, ಆದ್ರ ಎಷ್ಟು ಒತ್ತಿತು ಅನ್ನೋ ಸುದ್ದಿ ವಾಪಸ್ ಬರಂಗಿಲ್ಲ. ಸುದ್ದಿ ಇಲ್ಲದ ಕೈಗೆ ಹದ ಹೆಂಗ ತಿಳೀಬೇಕು?"

"ತಿರುಗಿ ಬರ್ತದೇನ್ರಿ?"

"ಹೋದದ್ದು ಬರೂದು ಕಷ್ಟ ಅದ, ಸಾಬ್ರ."

ಆದರೂ ಆಸೆ ಬಿಟ್ಟೀತೆ! "ಹಬ್ಬದ ದಿನ ನಿನ್ನ ಕೈಗೆ ಒಂದೂ ಒಡೀದಂಗ ಹಾಕಿದ್ರ ಅಂಗಡಿ ನಡಸ್ತೀನಿ. ಇಲ್ಲಂದ್ರ ಈ ಕಸಬಿಗೆ ಸಲಾಂ" ಎಂದು ಲತೀಫಾಳಿಗೆ ಹೇಳಿದ್ದ.

ಈಗ ಆಕೆ ಎದುರು ಕುಳಿತು, ತಾನೇ ಆರಿಸಿದ ಬಳೆಗಳನ್ನು ಒಂದೊಂದಾಗಿ ಆತನ ಕೈಗಿತ್ತಳು. ಆತ ಕಣ್ಣು ಮುಚ್ಚಿದ. ಒಂದು... ಎರಡು... ಹನ್ನೆರಡೂ ಏರಿದವು, ಒಂದೂ ಒಡೆಯಲಿಲ್ಲ! ಆತನ ಮುಖ ಮೊದಲ ಮಳೆ ಕಂಡ ಹೊಲದಂತಾಯಿತು.

"ಕೈ ತಿರುಗಿ ಬಂತು, ಲತೀಫಾ."

ಆಕೆ ಹಬ್ಬದ ಪಾಯಸ ಶೀರ್ ಖುರ್ಮಾದ ಬಟ್ಟಲನ್ನು ಎತ್ತಿ ಕೊಟ್ಟಳು. ಬಳೆಗಳು ಮೊಣಕೈವರೆಗೆ ಜಾರಿದವು. ಕೈ ಇಳಿಸಿದೊಡನೆ ಅವುಗಳಲ್ಲಿ ಎರಡು ಸಡಿಲವಾಗಿ ಕಳಚಿ, ನೆಲಕ್ಕೆ ಬಿದ್ದು ಚೂರಾದವು.

"ಒಡೀಬಾರದಂತ ಒಂದಳತಿ ದೊಡ್ಡವು ಕೊಟ್ಟಿದ್ದೆರಿ" ಎಂದಳು ತಲೆ ತಗ್ಗಿಸಿ. "ಬೆರಳಿಂದ ತಿಳ್ಕೊಂಡು ನನ್ನ ಬೈತೀರಿ ಅಂತ ಆಸಿ ಇತ್ತು..."

ಆತ ಬೈಯಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ಕೈ ಮುಂದೆ ಚಾಚಿ ಮತ್ತೆ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ, "ನನ್ನ ಬೆರಳು ಹಿಡ್ಕೊ" ಎಂದ.

ಲತೀಫಾ ಆಗಲೇ ಹಿಡಿದಿದ್ದಳು, ಎರಡೂ ಕೈಗಳಿಂದ, ಬಿಗಿಯಾಗಿ.

"ಹಿಡಿದೀನ್ರಿ" ಎಂದಳು.

ಸಹೃದಯರೇ, ಒಲವು ಅಲ್ಲಿ ಬತ್ತಿರಲಿಲ್ಲ; ಆತನನ್ನು ತಲುಪುವ ಅದರ ಹಳೆಯ ದಾರಿ ಮಾತ್ರ ಶಾಶ್ವತವಾಗಿ ಮುಚ್ಚಿಹೋಗಿತ್ತು. ಮನುಷ್ಯರ ಪ್ರೀತಿಗೆ ಕಡೆಗೆ ಉಳಿಯುವುದು ಇಷ್ಟೇ ಏನೋ... ಹಿಡಿದಿದ್ದೇನೆಂದು ಒಬ್ಬರು ಹೇಳುವುದು, ಇನ್ನೊಬ್ಬರು ನಂಬುವುದು.