ಮುಳುಗುವ ಮೊದಲೇ ಇಟ್ಟ ಟೊಪ್ಪಿ

ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಅಪ್ಪ ಹಿಂದಿನಿಂದ ಬಂದು, ನನಗೆಂದು ತಂದಿಟ್ಟಿದ್ದ ಆ ಹೊಸ ಟೊಪ್ಪಿಯನ್ನು ನನ್ನ ತಲೆಯ ಮೇಲಿಟ್ಟುಬಿಟ್ಟ.

"ಅಪ್ಪಾ! ತಲೆ ಕೆಟ್ಟಿದೆಯಾ ನಿಂಗೆ? ತೆಗಿ ಮೊದ್ಲು!"

"ಒಂದೇ ನಿಮಿಷ ಕಣೆ ಹಿಲ್ಲಾ. ಅಲ್ಲಾಡ್ಬೇಡ."

ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದ. ನಾನೇ ಕಿತ್ತು ಮೇಜಿನ ಮೇಲೆ ಒಗೆದೆ. ಅವನು ಅದರ ಕುಚ್ಚನ್ನು ನೇವರಿಸಿ ಸರಿಮಾಡಿ ಚೀಲಕ್ಕೆ ತುಂಬಿಕೊಂಡ.

ನಮ್ಮ ಟಾಂಪೆರೆ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಂಜಿನಿಯರಿಂಗ್ ಓದುವವರ ಕುಚ್ಚಿನ ಬಿಳಿ ಟೊಪ್ಪಿ, ಮೇ ಒಂದರಂದು ಹೊಳೆಯಲ್ಲಿ ಮುಳುಗಿ ಎದ್ದವರಿಗೆ ಮಾತ್ರ. ಮೊದಲ ವರ್ಷದವರನ್ನು ಕಬ್ಬಿಣದ ಬುಟ್ಟಿಯಲ್ಲಿ ನಿಲ್ಲಿಸಿ ಕ್ರೇನಿನಿಂದ ನೀರಿಗೆ ಇಳಿಸುತ್ತಾರೆ. ಆಗಷ್ಟೇ ಮಂಜು ಕರಗಿದ ನೀರು, ಹಲ್ಲು ಕಟಕಟ ಅನ್ನುತ್ತದೆ. ಎದ್ದು ಬಂದರೆ ಸಾಯುವ ತನಕ ಆ ಕುಲದವರು. ಮುಳುಗುವ ಮೊದಲೇ ಇಟ್ಟುಕೊಂಡರೆ ಅಪಶಕುನ. ಇದನ್ನು ಅಪ್ಪನಷ್ಟು ಕಟ್ಟುನಿಟ್ಟಾಗಿ ನಂಬಿದವರನ್ನು ನಾನು ಕಂಡಿಲ್ಲ. ಒಮ್ಮೆ ಕೆಳಮನೆಯ ಹುಡುಗ ಏಪ್ರಿಲ್‌ನಲ್ಲೇ ಟೊಪ್ಪಿ ಇಟ್ಟುಕೊಂಡು ಮೆಟ್ಟಿಲಿಳಿದನೆಂದು ಅವನ ಜನ್ಮ ಜಾಲಾಡಿದ್ದ. ಅಂಥವನಿಗೆ ಇವತ್ತೇನು ಬಂತು?

ನನಗೆ ಇಪ್ಪತ್ಮೂರು. ಇದು ಮೂರನೇ ಓದು. ಮೊದಲು ತುರ್ಕು ನಗರದಲ್ಲಿ ಕಾನೂನು, ಆಮೇಲೆ ಯೊಯೆನ್ಸೂವಿನಲ್ಲಿ ಅರಣ್ಯಶಾಸ್ತ್ರ. ಎರಡನ್ನೂ ಅರ್ಧಕ್ಕೆ ಬಿಟ್ಟೆ. ಸೋಮಾರಿ ಅನ್ನುವವರು ಅನ್ನಲಿ. ಅಂಕ ಚೆನ್ನಾಗಿಯೇ ಬರುತ್ತಿತ್ತು, ಅದೇ ದೊಡ್ಡ ಕಷ್ಟ. ಫೇಲಾಗಿದ್ದರೆ ಒಂದು ಕಾರಣವಾದರೂ ಸಿಗುತ್ತಿತ್ತು. ನವೆಂಬರ್ ಬಂದು ಹೊತ್ತು ಮುಳುಗುವುದು ಬೇಗವಾದಂತೆ, ಪಾಠದ ನಡುವೆ ಎದೆಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದಂತಾಗುತ್ತಿತ್ತು. ಸುತ್ತ ಎಲ್ಲರೂ ಬರೆದುಕೊಳ್ಳುತ್ತಿರುತ್ತಿದ್ದರು. ಇದೆಲ್ಲ ಯಾತಕ್ಕೆ, ನಾನು ಯಾರಿಗೆ ಬೇಕು, ಯಾವುದಕ್ಕೆ ಬೇಕು ಎಂದು ನಾನೊಬ್ಬಳೇ ಗೋಡೆ ನೋಡುತ್ತಾ ಕೂರುತ್ತಿದ್ದೆ. ಯಾರನ್ನು ಕೇಳಿದರೂ "ಮೊದಲು ಡಿಗ್ರಿ ಮುಗಿಸು, ಆಮೇಲೆ ಯೋಚನೆ ಮಾಡು" ಎಂಬ ಅದೇ ರಾಗ. ಕೊನೆಗೆ ಅಪ್ಪನ ಊರಿಗೆ, ಅಪ್ಪನ ಓದಿಗೆ ಬಂದೆ. ಈ ಸಲ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ನವೆಂಬರ್ ಇಲ್ಲಿಗೂ ಬಂತು.

ಅಪ್ಪನ ಕಥೆಯನ್ನೂ ಹೇಳಿಬಿಡುತ್ತೇನೆ. ಅವನ ಹೆಸರು ಟಾರ್ಮೊ. ಫೋನು ತಯಾರಿಸುವ ಕಂಪನಿಯಲ್ಲಿ ಹೆಸರು ಮಾಡಿದ ಎಂಜಿನಿಯರ್. ಕಂಪನಿ ಮುಚ್ಚಿದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಲ್ಲಿಂದೀಚೆಗೆ ಅವನಿಗೆ ನೆಟ್ಟಗೆ ಕೆಲಸ ಸಿಗಲಿಲ್ಲ. ಮೊದಮೊದಲು ಹುಡುಕುತ್ತಿದ್ದ, ಆಮೇಲೆ ಹುಡುಕುತ್ತಿದ್ದೇನೆ ಎನ್ನುತ್ತಿದ್ದ, ಈಗ ಅದೂ ಇಲ್ಲ. ಅಮ್ಮ ಆಸ್ಪತ್ರೆಯ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಪಕ್ಕ ಕೂರುತ್ತಾನೆ. ಬೇರೆಯವರು ಆ ಟೊಪ್ಪಿಯನ್ನು ಬೇಸಿಗೆಯಿಡೀ ಇಟ್ಟುಕೊಂಡು ತಿರುಗುತ್ತಾರೆ. ಅಪ್ಪ ಮೇ ಒಂದರಂದು ಮಾತ್ರ ಗಡ್ಡ ಬೋಳಿಸಿ, ಹಳದಿಗಟ್ಟಿದ ತನ್ನ ಟೊಪ್ಪಿ ಇಟ್ಟುಕೊಂಡು ಬೀದಿಗಿಳಿಯುತ್ತಾನೆ. ಆ ಒಂದು ದಿನ ನನ್ನ ಅಪ್ಪ ನನ್ನ ಅಪ್ಪನಾಗಿರುತ್ತಾನೆ.

ಹೀಗಿರುವಾಗ ನಾನು ಬುಟ್ಟಿ ಹತ್ತುವುದಿಲ್ಲ ಎಂದು ಹೇಗೆ ಹೇಳಲಿ?

ಹೊಳೆಯ ದಂಡೆಯಲ್ಲಿ ಜನವೋ ಜನ. ಹಿಮ ಬೆರೆತ ಮಳೆ ಹನಿಯುತ್ತಿತ್ತು. ಸಕ್ಕರೆಯಲ್ಲಿ ಹೊರಳಿಸುವ ಮುಂಕ್ಕಿ ಎಂಬ ಸಿಹಿ ವಡೆ ಕರಿಯುವ ವಾಸನೆ ದಂಡೆಯಿಡೀ ಹಬ್ಬಿತ್ತು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವನು ಯೂಸೊ, ನನ್ನ ತರಗತಿಯವನು. ಬಾಯಿಗೆ ಬೀಗವಿಲ್ಲದ ಪ್ರಾಣಿ.

"ಏನೇ, ಮುಖ ಹೀಗ್ ಮಾಡ್ಕೊಂಡಿದೀಯ? ನೇಣಿಗೆ ಹಾಕ್ತಿಲ್ಲ ಮಾರಾಯ್ತಿ, ಸ್ನಾನ ಮಾಡಿಸ್ತಿದಾರೆ ಅಷ್ಟೇ."

"ಯೂಸೊ, ನೀನ್ಯಾಕೋ ಓದ್ತಿದೀಯ?"

"ಯಾಕೆ ಅಂದ್ರೆ? ಓದು, ಆಮೇಲೆ ಕೆಲಸ, ಆಮೇಲೆ ಕೆರೆ ಪಕ್ಕ ಒಂದು ಬೇಸಿಗೆ ಮನೆ, ಆಮೇಲೆ ಸಾವು. ಪ್ರೋಗ್ರಾಂ ಪಕ್ಕಾ ಇದೆ."

"ಸಾಕಾ ನಿಂಗೆ ಅಷ್ಟು?"

"ಬೆವರು ಸ್ನಾನಕ್ಕೆ ಒಂದು ಸೌನಾನೂ ಕಟ್ಟಿಸ್ತೀನಿ ಬಿಡು, ಅಳ್ಬೇಡ."

ನಾನು ಅಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಮಳೆ ಅಂದುಕೊಂಡಿದ್ದೆ. ದೇವರಾಣೆಗೂ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಅಪ್ಪ ಹಗ್ಗದಾಚೆ, ಕೈಗೆಟುಕುವಷ್ಟು ಹತ್ತಿರದಲ್ಲೇ ನಿಂತಿದ್ದ. ಹಳೆಯ ಟೊಪ್ಪಿಯ ಇನ್ನೊಬ್ಬ ಬಂದು ಅವನ ಬೆನ್ನಿಗೆ ಗುದ್ದಿದ. ಹಿಂದೆ ಒಟ್ಟಿಗೆ ಕೆಲಸ ಮಾಡಿದವನಿರಬೇಕು.

"ಟಾರ್ಮೊ! ಎಲ್ಲಯ್ಯಾ ಮಾಯವಾಗ್ಬಿಟ್ಟೆ? ಏನ್ ಮಾಡ್ತಿದೀಯ ಈಗ?"

"ಸಲಹೆ ಕೊಡ್ತೀನಪ್ಪ, ಸಣ್ಣಪುಟ್ಟ ಕಂಪನಿಗಳಿಗೆ," ಎಂದ ಅಪ್ಪ. ತಡವರಿಸಲೂ ಇಲ್ಲ. "ಅದು ಬಿಡು, ಅಲ್ನೋಡು, ನನ್ನ ಮಗಳು. ಈಗ ಇಳೀತಾಳೆ."

ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅಪ್ಪನಿಗೆ ಉಳಿದಿದ್ದುದು ಆ ಟೊಪ್ಪಿ ಒಂದೇ. ಅದರ ಕೆಳಗೆ ಅವನು ಸುಳ್ಳು ಹೇಳಿಕೊಂಡು ನಿಂತಿದ್ದ. ಅಂಥದ್ದನ್ನೇ ನನಗೂ ಕೊಡಲು ಚೀಲದಲ್ಲಿ ತಂದಿದ್ದ.

ಬುಟ್ಟಿ ಬಂತು. ಯೂಸೊ ಕೂಗುತ್ತಾ ಹತ್ತಿದ. ಬಾಗಿಲು ಹಿಡಿದವನು "ಬಾಮ್ಮಾ, ಬೇಗ" ಎಂದ. ನನ್ನ ಕಾಲು ಏಳಲಿಲ್ಲ.

"ಹತ್ತೇ ಹಿಲ್ಲಾ! ಜನ ಕಾಯ್ತಿದಾರೆ!" ಬುಟ್ಟಿಯೊಳಗಿಂದ ಯೂಸೊ ಕರೆದ.

ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಇಲ್ಲವೆಂದು ತಲೆಯಾಡಿಸಿದೆ. ಬಾಗಿಲು ಮುಚ್ಚಿತು. ಬುಟ್ಟಿ ನನ್ನನ್ನು ಬಿಟ್ಟು ಮೇಲೆದ್ದಿತು. ದಂಡೆಯ ಮೇಲಿನವರು ಹೋ ಎಂದು ಕೂಗಿ ಹಾಸ್ಯ ಮಾಡಿದರು. ಸಾಲನ್ನು ಸೀಳಿಕೊಂಡು ಓಡಿ ಹೊಳೆಯ ಸೇತುವೆಯ ಕೆಳಗೆ ಕೂತುಬಿಟ್ಟೆ.

ಅಪ್ಪ ಹಗ್ಗದಡಿ ನುಸುಳಿ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಸಿಡಿದೆ.

"ಏನೂ ಹೇಳ್ಬೇಡ! ನಿಂಗೇನ್ ಕೊಡ್ತಪ್ಪಾ ಆ ಓದು? ಆ ಟೊಪ್ಪಿ? ವರ್ಷಕ್ಕೊಂದ್ ದಿನ ಮನುಷ್ಯ ಆಗ್ತೀಯ, ಮಿಕ್ಕಿದ್ ದಿನ ಕಿಟಕಿ ಪಕ್ಕ! ಸಲಹೆ ಕೊಡ್ತಾನಂತೆ, ಸಲಹೆ! ಯಾರಿಗ್ ಕೊಟ್ಟೆ? ನಂಗಾದ್ರೂ ಒಂದ್ ಸಲಹೆ ಕೊಡು. ನಾನ್ ಏನ್ ಮಾಡ್ಲಿ ಹೇಳು! ನಂಗೆ ಏನೂ ತೋಚ್ತಿಲ್ಲಪ್ಪಾ, ಏನೇನೂ ತೋಚ್ತಿಲ್ಲ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಒದ್ದೆ ಕಲ್ಲಿನ ಮೇಲೆ ನನ್ನ ಪಕ್ಕ ಕೂತ.

"ನಂಗೂ ತೋಚಲ್ಲ ಮಗಳೇ. ತೋಚಿದ್ರೆ ಮೊದ್ಲು ನಾನೇ ಆ ಕಿಟಕಿ ಬಿಟ್ಟು ಎದ್ದು ಹೋಗ್ತಿದ್ದೆ."

ಚೀಲವನ್ನು ಎದೆಗೆ ಅವುಚಿಕೊಂಡಿದ್ದ.

"ಯಾಕಪ್ಪಾ ಬೆಳಿಗ್ಗೆ ಅದನ್ನ ನನ್ ತಲೆ ಮೇಲಿಟ್ಟೆ?" ಎಂದೆ. "ಇಡ್ಬಾರ್ದು ಅಂತ ನಿಂಗೇ ಗೊತ್ತಿತ್ತಲ್ಲ."

"ಗೊತ್ತಿತ್ತು."

"ಮತ್ತೆ?"

"ನೀನು ಇಳಿಯಲ್ಲ ಅನ್ನೋದೂ ಗೊತ್ತಿತ್ತು ಕಣೆ. ಚಳಿಗಾಲದಿಂದ ನಿನ್ ಮುಖ ನೋಡ್ತಾನೇ ಇದೀನಲ್ಲ. ಕಿಟಕಿ ಪಕ್ಕ ಕೂತೋನಿಗೆ ಬೇರೆ ಏನ್ ಕೆಲ್ಸ?" ಅವನು ಚೀಲದ ಮೇಲೆ ಕೈಯಾಡಿಸಿದ. "ಒಂದ್ ಸಲ ನೋಡ್ಬೇಕಿತ್ತು, ಅಷ್ಟೇ. ನೋಡ್ದೆ. ಚೆನ್ನಾಗ್ ಕಾಣ್ತಿತ್ತು."

ನಾನು ಅವನ ತೋಳಿಗೆ ಮುಖ ಒತ್ತಿ ಬಿಕ್ಕಿದೆ. ಅವನು ನನ್ನ ತಲೆ ಸವರಿದ. ಆಚೆ ಬುಟ್ಟಿ ನೀರಿನಿಂದ ಎದ್ದಿತು. ಯೂಸೊ ಚಳಿಗೆ ಕಿರುಚುತ್ತಿದ್ದುದು ನಮ್ಮವರೆಗೂ ಕೇಳಿತು. ಒಬ್ಬೊಬ್ಬರ ತಲೆಯ ಮೇಲೂ ಹೊಸ ಟೊಪ್ಪಿ ಏರಿತು, ಚಪ್ಪಾಳೆ ಬಿತ್ತು.

"ನಡಿಯಪ್ಪಾ," ಎಂದೆ ಕಣ್ಣೊರೆಸಿಕೊಂಡು. "ನೆಂದಿದೀಯ. ಮನೆಗ್ ಹೋಗೋಣ."

ಅಪ್ಪ ಏಳಲಿಲ್ಲ. ತನ್ನ ಹಳದಿ ಟೊಪ್ಪಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಸರಿಮಾಡಿಕೊಂಡ.

"ಇನ್ನೊಂದ್ ಸ್ವಲ್ಪ ಹೊತ್ತು ಇರೋಣ್ವಾ ಹಿಲ್ಲಾ?" ಎಂದ. "ಇವತ್ತು ಇನ್ನೂ ಮುಗ್ದಿಲ್ಲ."